ಸೂರ್ಯ ಜಾಸ್ತಿ ಎಳೆದ್ರೂ ಭರತದಲ್ಲಿ ಚಂದ್ರನೇ ಯಾಕೆ ಮುಂದೆ?

ನಮಸ್ಕಾರ ಎಲ್ಲರಿಗೂ. ಕುಮಟಾ ಹತ್ರ ಅಘನಾಶಿನಿ ಹೊಳೆ ದಂಡೆ ಮೇಲಿದೀನಿ. ಹಿಂದೆ ಕಾಣ್ತಿರೋದು ಗಜನಿ ಗದ್ದೆ, ಉಪ್ಪುನೀರು ತಡ್ಕೊಳ್ಳೋ ಕಗ್ಗ ಭತ್ತ ಬೆಳೆಯೋ ಜಾಗ. ಈ ಕಟ್ಟೆಯಲ್ಲಿ ಒಂದು ಹಲಗೆ ಬಾಗಿಲಿದೆ ನೋಡಿ. ಭರತ, ಅಂದ್ರೆ ಸಮುದ್ರದ ಉಬ್ಬರ, ಬಂದಾಗ ಹಲಗೆ ಎತ್ತಿದ್ರೆ ನೀರಿನ ಜೊತೆ ಸಿಗಡಿನೂ ಒಳಗೆ ಬರುತ್ತೆ, ಇಳಿತ ಶುರುವಾದಾಗ ಅದೇ ಬಾಯಿಗೆ ಬಲೆ ಕಟ್ಟಿದ್ರೆ ಆಯ್ತು, ಹೊರಗೆ ಹೋಗೋ ನೀರೇ ಸಿಗಡಿನ ಬಲೆಗೆ ತಂದು ಹಾಕುತ್ತೆ. ಪಂಪ್ ಬೇಡ, ಕರೆಂಟ್ ಬೇಡ.

ಇಲ್ಲೇ ಪಿಯುಸಿ ಓದೋ ಹುಡುಗಿಯೊಬ್ಬಳು ಕೇಳಿದ್ಲು: ಚಂದ್ರ ಎಳಿತಾನೆ ಸರಿ, ಆದ್ರೆ ಚಂದ್ರ ನಮ್ಮ ತಲೆ ಮೇಲೆ ಬರೋದು ದಿನಕ್ಕೆ ಒಂದೇ ಸಲ, ನೀರು ಯಾಕೆ ಎರಡು ಸಲ ಏರುತ್ತೆ? ಎಂಥಾ ಒಳ್ಳೆ ಪ್ರಶ್ನೆ!

ಬೇಸಿಕ್ಸ್ ಬೇಗ ಮುಗಿಸೋಣ. ಒಂದು ವಸ್ತುವಿನ ವೇಗ ಅಥವಾ ದಿಕ್ಕು ಬದಲಾಗ್ಬೇಕು ಅಂದ್ರೆ ಬಲ ಬೇಕು. ಗುರುತ್ವ ಅನ್ನೋದು ಅಂಥ ಒಂದು ಬಲ, ದ್ರವ್ಯರಾಶಿ ಜಾಸ್ತಿ ಆದಷ್ಟೂ ಜಾಸ್ತಿ, ದೂರ ಎರಡು ಪಟ್ಟಾದ್ರೆ ನಾಲ್ಕನೇ ಒಂದು ಭಾಗ. ನ್ಯೂಟನ್ 1687ರಲ್ಲೇ ಇದನ್ನ ಬರೆದು, ಇದೇ ನಿಯಮದಿಂದ ಭರತ-ಇಳಿತಕ್ಕೂ ಕಾರಣ ಕೊಟ್ಟ.

ಈಗ ನಂಗೆ ಭಾರೀ ಇಷ್ಟವಾದ ಲೆಕ್ಕ. ಭೂಮಿನ ಸೂರ್ಯ ಎಳೆಯೋ ಬಲ, ಚಂದ್ರ ಎಳೆಯೋ ಬಲಕ್ಕಿಂತ ಸುಮಾರು 178 ಪಟ್ಟು ಜಾಸ್ತಿ. 178! ಆದ್ರೂ ಭರತ ಏರಿಸೋದ್ರಲ್ಲಿ ಸೂರ್ಯನ ಕೈಲಾಗೋದು ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಯಾಕಂದ್ರೆ ಒಟ್ಟು ಎಷ್ಟು ಎಳಿತಾರೆ ಅನ್ನೋದು ಇಲ್ಲಿ ಮುಖ್ಯ ಅಲ್ವೇ ಅಲ್ಲ, ಭೂಮಿಯ ಈ ಬದಿಗೂ ಆ ಬದಿಗೂ ಎಳೆತದಲ್ಲಿ ಎಷ್ಟು ವ್ಯತ್ಯಾಸ ಅನ್ನೋದೇ ಮುಖ್ಯ. ಚಂದ್ರ ಇರೋದು ಸುಮಾರು 3,84,000 ಕಿಲೋಮೀಟರ್ ದೂರ, ಭೂಮಿಯ ಅಡ್ಡಳತೆ ಹತ್ತಿರ ಹತ್ತಿರ 12,700. ಹಾಗಾಗಿ ಚಂದ್ರನ ಕಡೆ ಇರೋ ಬದಿಗೆ ಆಚೆ ಬದಿಗಿಂತ ಸುಮಾರು 7% ಎಳೆತ ಜಾಸ್ತಿ ಬೀಳುತ್ತೆ. ಸೂರ್ಯ 15 ಕೋಟಿ ಕಿಲೋಮೀಟರ್ ಆಚೆ ಇದಾನೆ, ಅಲ್ಲಿಂದ ನೋಡಿದ್ರೆ ನಮ್ಮ 12,700 ಯಾವ ಲೆಕ್ಕ? ವ್ಯತ್ಯಾಸ ಬರೀ 0.017%.

ಹಾಗಾದ್ರೆ ಆಚೆ ಬದಿ ನೀರು ಯಾಕೆ ಉಬ್ಬುತ್ತೆ? ಅಂಕೋಲಾದಿಂದ ಕಾರವಾರದ ಕಡೆಗೆ ಹೈವೇಲಿ ಮೂರು ಬೈಕ್ ಒಂದರ ಹಿಂದೆ ಒಂದು ಹೊರಟಿವೆ ಅಂತ ಇಟ್ಕೊಳ್ಳಿ. ಎಲ್ಲರೂ ಎಕ್ಸಿಲೇಟರ್ ಕೊಡ್ತಾರೆ, ಮುಂದಿನವನು ಜಾಸ್ತಿ, ನಡುವಿನವನು ಸ್ವಲ್ಪ ಕಡಿಮೆ, ಹಿಂದಿನವನು ಇನ್ನೂ ಕಡಿಮೆ. ನಡುವಿನವನು ಎದುರು ನೋಡಿದ್ರೆ ಒಬ್ಬ ಮುಂದೆ ಹೋಗ್ಬಿಟ್ಟ, ಕನ್ನಡಿಲಿ ನೋಡಿದ್ರೆ ಇನ್ನೊಬ್ಬ ಹಿಂದೆ ಉಳಿದ್ಬಿಟ್ಟ. ಹಿಂದಿನವನನ್ನ ಯಾರೂ ಹಿಂದಕ್ಕೆ ಎಳೆದಿಲ್ಲ, ಅವನೂ ಕಾರವಾರದ ಕಡೆಗೇ ಬರ್ತಿದಾನೆ! ಮುಂದಿನ ಬೈಕ್ ಚಂದ್ರನ ಕಡೆಯ ನೀರು, ನಡುವಿಂದು ಭೂಮಿ, ಹಿಂದಿಂದು ಆಚೆ ಬದಿಯ ನೀರು. ಮೂರೂ ಚಂದ್ರನ ಕಡೆಗೇ ಎಳೆಸ್ಕೊಳ್ತಿವೆ, ಆದ್ರೆ ಭೂಮಿ ಮೇಲಿರೋ ನಮಗೆ ಎರಡೂ ಕಡೆ ನೀರು ದೂರ ಸರಿದ ಹಾಗೆ, ಅಂದ್ರೆ ಉಬ್ಬಿದ ಹಾಗೆ ಕಾಣುತ್ತೆ. ಭೂಮಿ ತಿರುಗ್ತಾ ನಾವು ಎರಡೂ ಉಬ್ಬನ್ನ ದಾಟ್ತೀವಿ, ಅದಕ್ಕೇ ಎರಡು ಭರತ.

ಇನ್ನೊಂದು, ಚಂದ್ರ ನೀರನ್ನ ಮೇಲಕ್ಕೆ ಎತ್ತಲ್ಲ. ಈ ವ್ಯತ್ಯಾಸದ ಬಲ ನಮ್ಮ ಭೂಮಿ ಗುರುತ್ವದ ಸುಮಾರು 90 ಲಕ್ಷದಲ್ಲಿ ಒಂದು ಪಾಲು, ಅದ್ರಿಂದ ಎಂಥದನ್ನ ಎತ್ತೋದು! ಅದು ಮಾಡೋದು ಸಾವಿರಾರು ಕಿಲೋಮೀಟರ್ ಉದ್ದದ ಸಮುದ್ರನ ಅಡ್ಡಕ್ಕೆ ಚೂರು ಚೂರು ಜಗ್ಗೋದು, ಆ ನೀರೆಲ್ಲಾ ಬಂದು ಸೇರಿದಾಗ ಮಟ್ಟ ಏರುತ್ತೆ. ಬಾವಿಲಿ, ಅಡಿಕೆ ತೋಟದ ಕೆರೇಲಿ ಭರತ ಕಾಣ್ದೇ ಇರೋದು ಇದಕ್ಕೇ, ಜಗ್ಗೋಕೆ ಅಷ್ಟು ಉದ್ದವೇ ಇಲ್ಲ.

ಟೈಮ್ ಆಗ್ತಾ ಬಂತು, ಉಳಿದಿದ್ದು ಒಟ್ಟಿಗೇ ಹೇಳ್ತೀನಿ. ಅಮಾವಾಸ್ಯೆ-ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರೋದ್ರಿಂದ ಭರತ ಜೋರು, ಅಷ್ಟಮಿ ಹೊತ್ತಿಗೆ ಸಪ್ಪೆ. ಚಂದ್ರ ತಾನೂ ಮುಂದೆ ಹೋಗ್ತಿರೋದ್ರಿಂದ ಭರತದ ಹೊತ್ತು ದಿನಾ ಸುಮಾರು 50 ನಿಮಿಷ ತಡ ಆಗುತ್ತೆ, ಬಳಚು ಅನ್ನೋ ಚಿಪ್ಪಿ ಆರಿಸೋಕೆ ಹೊಳೆಗೆ ಇಳಿಯೋರು ಹೊತ್ತು ಬದಲಾಯಿಸ್ತಾ ಹೋಗೋದು ಅದಕ್ಕೇ. ಮತ್ತೆ ಎಲ್ಲಾ ಕಡೆ ಒಂದೇ ಎತ್ತರ ಅಲ್ಲ, ಕಾರವಾರದಲ್ಲಿ ದೊಡ್ಡ ಭರತ ಅಂದ್ರೂ ಎರಡು ಮೀಟರ್ ಆಸುಪಾಸು, ಇದೇ ಅರಬ್ಬಿ ಸಮುದ್ರ ಗುಜರಾತಿನ ಖಂಭಾತ್ ಕೊಲ್ಲಿ ಒಳಗೆ ನುಗ್ಗಿದಾಗ ಕೊಲ್ಲಿ ಕಿರಿದಾಗ್ತಾ ಹೋಗೋದ್ರಿಂದ ಅದರ ಎಷ್ಟೋ ಪಟ್ಟು ಏರುತ್ತೆ. ಆ ಕೊಲ್ಲಿ ಆಕಾರದ ವಿಷ್ಯಕ್ಕೇ ಒಂದು ಪೂರ್ತಿ ವಿಡಿಯೋ ಬೇಕು, ಮುಂದಿನ ಸಲ ಮಾಡ್ತೀನಿ.