ನಿಂತ ಗಾಡಿ ಏರು ಹತ್ತದಿದ್ದಾಗ

ಕೇಳುಗ ಬಂಧುಗಳೇ, ನಮಸ್ಕಾರ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಮಾತ್ರ ಇನ್ನೂ ನಮ್ಮ ಮನೆಗಳಲ್ಲಿವೆ. ಅಪ್ಪ ಓಡಿಸಿದ ಗಾಡಿ, ಮಾರಲು ಮನಸ್ಸು ಬಾರದು, ಓಡಿಸಲು ಪುರಸೊತ್ತಿಲ್ಲ. ಹಾಗೇ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತುಬಿಡುತ್ತದೆ. ಒಂದು ದಿನ ಮನೆ ಬದಲಾಗುತ್ತದೆ, ಸಾಮಾನಿನ ಜೊತೆ ಗಾಡಿಯೂ ಲಾರಿ ಹತ್ತುತ್ತದೆ. ಹೊಸ ಊರಿನಲ್ಲಿ ಕಿಕ್ಕರ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಆದರೆ ಎಳೆಯುವುದಿಲ್ಲ. ಪಿಕಪ್ ಇಲ್ಲ, ಏರಿನಲ್ಲಿ ಮೂರನೇ ಗೇರಿಗೆ ಹಾಕಿದರೆ ಉಸಿರು ಕಟ್ಟಿದಂತೆ ಆಡುತ್ತದೆ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, "ಬೋರ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು." ದಯವಿಟ್ಟು ಆ ದಿನವೇ ಒಪ್ಪಿಕೊಳ್ಳಬೇಡಿ. ಬೋರ್ ಎಂದರೆ ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ. ಅದು ಸವೆಯುವುದು ಗಾಡಿ ಓಡಿದಾಗ, ನಿಂತಾಗ ಅಲ್ಲ. ನಿಲ್ಲಿಸಿದ ದಿನ ಗಾಡಿ ಚೆನ್ನಾಗಿ ಎಳೆಯುತ್ತಿತ್ತು ಎಂದಾದರೆ, ಈಗ ಹುಡುಕಬೇಕಾದದ್ದು ಎರಡೇ: ನಿಂತಿದ್ದಾಗ ಏನು ಕೆಟ್ಟಿತು, ಸಾಗಿಸುವಾಗ ಏನು ಅದಲುಬದಲಾಯಿತು. ಹಳೆಯ ಬಿಡಿಭಾಗಗಳು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ, ಒಳ್ಳೆಯ ಇಂಜಿನ್ನನ್ನು ಸುಮ್ಮನೆ ಬಿಚ್ಚಿಸಿದ್ದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಂಗಳೂರಿನಲ್ಲಿ ನಿಂತಿದ್ದ ರೋಡ್‌ಕಿಂಗ್ ಮಾದರಿಯ ಯೆಜ್ಡಿ ಒಂದು ಮಡಿಕೇರಿಗೆ ಬಂತು ಎಂದಿಟ್ಟುಕೊಳ್ಳಿ. ಸ್ಪ್ಯಾನರ್ ಹಿಡಿಯುವ ಮೊದಲು ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರ ತಿರುಗಿಸಿ. ಮುಂದಿನದನ್ನೂ ಎತ್ತಿ ತಿರುಗಿಸಿ. ಕರಾವಳಿಯ ಉಪ್ಪುಗಾಳಿಗೆ ಬ್ರೇಕ್ ಡ್ರಮ್ಮು ತುಕ್ಕು ಹಿಡಿದು ಲೈನರ್ ಅಂಟಿಕೊಂಡಿದ್ದರೆ ಇಂಜಿನ್ ಎಷ್ಟು ದುಡಿದರೂ ಗಾಡಿ ಓಡುವುದಿಲ್ಲ. ಆಮೇಲೆ ಎಕ್ಸಿಲೇಟರ್ ಕೇಬಲ್. ಲಾರಿಯಲ್ಲಿ ಹಗ್ಗ ಬಿಗಿಯುವಾಗ ಹ್ಯಾಂಡಲ್ ಎಳೆದು ಕೇಬಲ್ ಸೊಟ್ಟಗಾಗಿರುತ್ತದೆ. ಏರ್ ಫಿಲ್ಟರ್ ಬಿಚ್ಚಿ, ಕಾರ್ಬೊರೇಟರಿನ ಬಾಯಿಗೆ ಟಾರ್ಚ್ ಬಿಟ್ಟು, ಎಕ್ಸಿಲೇಟರ್ ಪೂರ್ತಿ ತಿರುಗಿಸಿದಾಗ ಗಾಳಿಯ ದಾರಿ ತೆರೆಯುವ ಸ್ಲೈಡ್ ಪೂರ್ತಿ ಮೇಲೇಳುತ್ತದೆಯೇ ನೋಡಿ. ಮುಕ್ಕಾಲಿಗೇ ನಿಂತರೆ ಕಾಯಿಲೆ ಅಲ್ಲೇ ಸಿಕ್ಕಿತು. ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿದೆಯೇ, ಸೈಲೆನ್ಸರಿನ ತುದಿಯಲ್ಲಿ ಕುಂಬಾರಹುಳು ಮಣ್ಣು ಮೆತ್ತಿದೆಯೇ ಎನ್ನುವುದನ್ನೂ ಅದೇ ಟಾರ್ಚ್ ಹೇಳುತ್ತದೆ.

ಇನ್ನು ಪೆಟ್ರೋಲ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದುದ್ದಕ್ಕೂ ನಿಂತ ಟ್ಯಾಂಕಿನಲ್ಲಿ ನೀರು ಹೆಚ್ಚಾದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಯೆಜ್ಡಿ ಟೂ-ಸ್ಟ್ರೋಕ್ ಗಾಡಿ. ಇಂಜಿನ್ನಿಗೆ ಬೇಕಾದ ಆಯಿಲ್ಲನ್ನು ನಾವು ಪೆಟ್ರೋಲಿಗೇ ಬೆರೆಸುತ್ತೇವೆ. ಆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ತಳದ ನೀರಿನಂಥ ಪದರದಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಕಾಕ್, ತಿರುಗಿಸಿದಾಗ ಮೊದಲು ಇಳಿಯುವುದು ಆ ಪದರವೇ. ಶಕ್ತಿ ಕಡಿಮೆಯಾಗುವುದು ಹಾಗಿರಲಿ, ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುವ, ಅಪಾಯವಿದೆ. ಆದ್ದರಿಂದ ಹಳೆಯ ಪೆಟ್ರೋಲಿಗೆ ಹೊಸದನ್ನು ಸೇರಿಸಿ ಓಡಿಸಬೇಡಿ. ಪೂರ್ತಿ ಬಸಿದು ಒಂದು ಗಾಜಿನ ಬಾಟಲಿಯಲ್ಲಿಟ್ಟು ನೋಡಿ. ಎರಡು ಪದರ ಕಂಡರೆ, ಕೆಂಪು ಮಡ್ಡಿ ಕಂಡರೆ, ಟ್ಯಾಂಕು ತೊಳೆಯಲೇಬೇಕು. ರೈಲಿನಲ್ಲಿ ಪಾರ್ಸೆಲ್ ಮಾಡಿ ತಂದ ಗಾಡಿಯಾದರೆ ಪೆಟ್ರೋಲನ್ನು ಮೊದಲೇ ಖಾಲಿ ಮಾಡಿಸಿರುತ್ತಾರೆ. ಖಾಲಿ ಟ್ಯಾಂಕಿನ ಒಳಗೋಡೆಗೆ ಬೇಗ ತುಕ್ಕು ಹಿಡಿಯುತ್ತದೆ, ಆ ಪುಡಿಯೆಲ್ಲ ಕಾಕಿನ ಜಾಲರಿಗೆ ಬಂದು ಕೂರುತ್ತದೆ.

ಹೊಸ ಪೆಟ್ರೋಲ್ ಹಾಕಿದ ಮೇಲೆ ಒಂದು ಪರೀಕ್ಷೆ. ಇಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಹತ್ತಿರ ಬೀಡಿ ಸಿಗರೇಟು ಯಾವುದೂ ಇಲ್ಲದ ಕಡೆ, ಕಾರ್ಬೊರೇಟರಿನಿಂದ ಪೈಪ್ ಬಿಡಿಸಿ ಬಾಟಲಿಗೆ ಬಿಡಿ. ಧಾರೆ ಜೋರಾಗಿ ಶುರುವಾಗಿ ಬರಬರುತ್ತ ಸಣ್ಣದಾದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಮತ್ತೆ ಜೋರಾಯಿತೇ? ಹಾಗಾದರೆ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರ ಕಟ್ಟಿದೆ. ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಬಲಗುಂದುವ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಬೇಕು.

ಕಾರ್ಬೊರೇಟರ್ ವಿಷಯದಲ್ಲಿ ಗಾಡಿ ಯಾವಾಗ ಮುಗ್ಗರಿಸುತ್ತದೆ ಎಂಬುದೇ ಗುರುತು. ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಭಾಗಕ್ಕೆ ಜೆಟ್ ಎನ್ನುತ್ತಾರೆ. ಎಕ್ಸಿಲೇಟರ್ ಬಿಟ್ಟಾಗ ಇಂಜಿನ್ ಆಫ್ ಆಗುತ್ತಿದ್ದರೆ ಪೈಲಟ್ ಜೆಟ್, ಅರ್ಧ ಎಕ್ಸಿಲೇಟರಿನಲ್ಲಾದರೆ ಸ್ಲೈಡಿಗೆ ಸಿಕ್ಕಿಸಿದ ಸೂಜಿ, ಅಂದರೆ ನೀಡಲ್, ಪೂರ್ತಿ ತಿರುಗಿಸಿದಾಗ ಮಾತ್ರ ಎಳೆಯದಿದ್ದರೆ ಮೇನ್ ಜೆಟ್ ಅಥವಾ ಪೆಟ್ರೋಲಿನ ಹರಿವು. ಜೆಟ್ಟಿಗೆ ತಂತಿ ತೂರಿಸಬೇಡಿ, ರಂಧ್ರ ಹಿಗ್ಗುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಸಿ.

ಇಷ್ಟಾದರೂ ಮಡಿಕೇರಿಯಲ್ಲಿ ಗಾಡಿ ಮಂಗಳೂರಿನಷ್ಟು ಎಳೆಯುವುದಿಲ್ಲ. ಅದು ಗಾಡಿಯ ತಪ್ಪಲ್ಲ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 10ರಷ್ಟು ಕಡಿಮೆ. ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ರೋಡ್‌ಕಿಂಗ್‌ನ 16 ಕುದುರೆಶಕ್ತಿಯಲ್ಲಿ ಒಂದೂವರೆಯಷ್ಟು ಘಾಟಿಯಲ್ಲೇ ಹೋಯಿತು ಎಂದು ತಿಳಿಯಿರಿ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಅಷ್ಟೇ ಬಂದರೆ ಮಿಶ್ರಣ ರಿಚ್ ಆಗುತ್ತದೆ, ಪ್ಲಗ್ಗಿಗೆ ಒಣಮಸಿ ಕಟ್ಟುತ್ತದೆ. ಹಾಗಿದ್ದರೆ ನೀಡಲನ್ನು ಒಂದು ಕಚ್ಚಿನಷ್ಟು ಕೆಳಗಿಳಿಸಬಹುದು. ಆದರೆ ಎಥನಾಲ್ ಇರುವ ಪೆಟ್ರೋಲ್ ಮಿಶ್ರಣವನ್ನು ಲೀನ್ ಕಡೆಗೆ, ಅಂದರೆ ಗಾಳಿ ಹೆಚ್ಚಾಗುವ ಕಡೆಗೆ, ಎಳೆಯುತ್ತದೆ. ಆದ್ದರಿಂದ ಊಹೆಯ ಮೇಲೆ ಏನನ್ನೂ ಬದಲಿಸಬೇಡಿ. ಒಂದು ಏರನ್ನು ಪೂರ್ತಿ ಎಕ್ಸಿಲೇಟರಿನಲ್ಲಿ ಹತ್ತಿಸಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ. ಕಾಫಿಪುಡಿ ಬಣ್ಣವಿದ್ದರೆ ಮುಟ್ಟಬೇಡಿ. ಬಿಳಿಚಿಕೊಂಡಿದ್ದರೆ ಮಾತ್ರ ಗಾಬರಿಯಾಗಬೇಕು, ಟೂ-ಸ್ಟ್ರೋಕ್ ಇಂಜಿನ್ನಿಗೆ ಅದು ಸೀಜಿನ ಮುನ್ಸೂಚನೆ.

ಕಿಡಿಯ ಕಡೆ ಬಂದರೆ, ನಿಂತ ಗಾಡಿಯಲ್ಲಿ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟಿನ ಮೇಲೆ ಕಿಲುಬಿನ ಪೊರೆ ಬಂದಿರುತ್ತದೆ. ನಯವಾಗಿ ಉಜ್ಜಿ, ಪೆಟ್ರೋಲ್ ಅದ್ದಿದ ಕಾಗದದಿಂದ ಒರೆಸಿ, ಗ್ಯಾಪನ್ನು ಸುಮಾರು 0.4 ಮಿಲಿಮೀಟರಿಗೆ ಇಡಿ. 6 ವೋಲ್ಟಿನ, ಬ್ಯಾಟರಿಯಿಂದ ಕಿಡಿ ಪಡೆಯುವ ಮಾದರಿಗಳಲ್ಲಿ ಬ್ಯಾಟರಿ ಬಲಗುಂದಿದ್ದರೆ ಹೆಡ್‌ಲೈಟ್ ಹಾಕಿದ ಕೂಡಲೇ ಮಿಸ್ಸಿಂಗ್ ಶುರುವಾಗುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಕೆಮ್ಮಿದರೆ ಕಂಡೆನ್ಸರ್, ಕಾಯಿಲ್ ಎರಡನ್ನೂ ಅನುಮಾನಿಸಿ.

ರೋಡ್‌ಕಿಂಗ್‌ನಂಥ ಯೆಜ್ಡಿಯಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಇಂಜಿನ್ ಓಡುತ್ತಿರುವಾಗ ಎರಡರ ಹಿಂದೆಯೂ ಅಂಗೈ ಹಿಡಿದು ಹೊಗೆಯ ರಭಸ ಹೋಲಿಸಿ ನೋಡಿ. ಒಂದು ಕಡೆ ಸಪ್ಪೆಯಿದ್ದರೆ ಆ ಬದಿಯ ಸೈಲೆನ್ಸರಿನೊಳಗಿನ ಸದ್ದಡಗಿಸುವ ಕೊಳವೆ, ಬ್ಯಾಫಲ್, ಹೊರಗೆಳೆದು ಕರಿ ಕೆರೆಯಿರಿ. ಸಿಲಿಂಡರಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟಿನಲ್ಲೂ ಕರಿ ಕಟ್ಟಿರಬಹುದು.

ಕೊನೆಗೆ ಕ್ರ್ಯಾಂಕಿನ ಆಯಿಲ್ ಸೀಲ್, ಅಂದರೆ ಪಿಸ್ಟನ್ ತಿರುಗಿಸುವ ದಂಡದ ಎರಡೂ ಬದಿಯ ರಬ್ಬರ್ ಬಳೆ. ವರ್ಷಗಟ್ಟಲೆ ಒಣಗಿದ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಕಡಿಮೆಯಾಗುತ್ತ, ದಟ್ಟ ಬಿಳಿ ಹೊಗೆ ಬರುತ್ತದೆ. ಇನ್ನೊಂದು ಬದಿಯದು ಹೋದರೆ ಹೊರಗಿನ ಗಾಳಿ ನುಗ್ಗಿ, ಎಕ್ಸಿಲೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ. ಕ್ಲಚ್ ಬದಿಯ ಸೀಲನ್ನು ಬದಲಿಸಲು ಆ ಬದಿಯ ಕವರ್ ಬಿಚ್ಚಲೇಬೇಕು, ಅದಕ್ಕೆ ಜಾವಾ ಯೆಜ್ಡಿ ಬಲ್ಲ ಕೈಯೇ ಬೇಕು. ಇದಾವುದೂ ಅಲ್ಲದೆ ಕಿಕ್ಕರ್ ತುಳಿದಾಗ ಪ್ರತಿರೋಧವೇ ಇಲ್ಲದಿದ್ದರೆ, ಪಿಸ್ಟನ್ನಿನ ರಿಂಗು ಜಾಮ್ ಆಗಿದೆಯೋ ತೇವಕ್ಕೆ ಬೋರ್ ತುಕ್ಕು ಹಿಡಿದಿದೆಯೋ ನೋಡಲು ಆಗ ಹೆಡ್ಡು ಬ್ಲಾಕು ಬಿಚ್ಚಿಸಿ. ಬಿಚ್ಚುವಾಗ ನೀವೂ ಪಕ್ಕದಲ್ಲಿ ನಿಂತಿರಿ, ತೆಗೆದ ಹಳೆಯ ಭಾಗಗಳನ್ನೆಲ್ಲ ಮನೆಗೆ ತನ್ನಿ.

ನಮಸ್ಕಾರ.