ವೋಲ್ಟೇಜ್ ಕುಸಿಯುವ ಮೊದಲೇ ಲೆಕ್ಕ ಮುಗಿಯಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆಯಲ್ಲಿ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದು ಚೆನ್ನಾಗಿ ಗೊತ್ತು. ಸ್ವಿಚ್ ಹಾಕಿದರೆ ಪಂಪು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ ಸುಟ್ಟ ವಾಸನೆ. ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ, ಕಾಳಿ ನದಿಯುದ್ದಕ್ಕೂ ನಾಗಝರಿ, ಕೊಡಸಳ್ಳಿ, ಕದ್ರಾ ಜಲವಿದ್ಯುತ್ ಕೇಂದ್ರಗಳಿವೆ. ಆದರೂ ನಮ್ಮಲ್ಲಿ ವೋಲ್ಟೇಜ್ ಯಾಕಿಲ್ಲ ಅಂತ ಜನ ಕೇಳುವುದು ನ್ಯಾಯವೇ.

ಮೋಟಾರಿಗೆ ನೀರೆತ್ತುವ ಶಕ್ತಿಯಷ್ಟೇ ಸಾಲದು. ಒಳಗಿನ ಕಾಂತಕ್ಷೇತ್ರಕ್ಕೆ ರಿಯಾಕ್ಟಿವ್ ಪವರ್ ಕೂಡ ಬೇಕು. ಅದು ಸಾಲದಿದ್ದರೆ ವೋಲ್ಟೇಜ್ ಇಳಿಯುತ್ತದೆ. ಅದು ದೂರ ಸಾಗುವುದಿಲ್ಲ. ಲೋಡ್ ಜಾಸ್ತಿಯಾದಾಗ ಲೈನುಗಳೇ ಅದನ್ನು ತಿಂದುಹಾಕುತ್ತವೆ. ಬೇಕಾದ ಜಾಗದ ಹತ್ತಿರವೇ ಕೆಪ್ಯಾಸಿಟರ್ ಇಟ್ಟು ಒದಗಿಸಬೇಕು.

ಇದೇ ಕೊರತೆ ದೊಡ್ಡ ಗ್ರಿಡ್‌ಗೆ, ಅಂದರೆ ಇಡೀ ವಿದ್ಯುತ್ ಜಾಲಕ್ಕೆ ಬಂದರೆ? 1987ರ ಜುಲೈ 23, ಟೋಕಿಯೊ. ಸುಡು ಬಿಸಿಲು. ಮಧ್ಯಾಹ್ನದ ಊಟ ಮುಗಿದು ಕಚೇರಿ, ಕಾರ್ಖಾನೆ ಮತ್ತೆ ಶುರುವಾದವು. ಬೇಡಿಕೆ ನಿಮಿಷಕ್ಕೆ ಸುಮಾರು 400 ಮೆಗಾವ್ಯಾಟ್ ಏರಿತು. ವೋಲ್ಟೇಜ್ ಇಳಿದಷ್ಟೂ ಏಸಿಗಳು ಜಾಸ್ತಿ ಕರೆಂಟು ಎಳೆದವು, ಎಳೆದಷ್ಟೂ ವೋಲ್ಟೇಜ್ ಇನ್ನೂ ಇಳಿಯಿತು. ಸುಮಾರು ಇಪ್ಪತ್ತೇ ನಿಮಿಷ. ಸುಮಾರು 28 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು.

ಕುಸಿತಕ್ಕೆ ಇನ್ನೆಷ್ಟು ಅಂತರವಿದೆ ಅಂತ ತಿಳಿಯಲು ಕಂಪ್ಯೂಟರಿನಲ್ಲಿ ಲೋಡನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಎಲ್ಲ ಸ್ಟೇಷನ್‌ಗಳ ವೋಲ್ಟೇಜ್ ಲೆಕ್ಕ ಹಾಕುತ್ತಾರೆ. ಘಟ್ಟದಲ್ಲಿ ಮರ ಬಿದ್ದು ಒಂದು ಲೈನು ಹೋದರೆ? ಒಂದು ಘಟಕ ನಿಂತರೆ? ಒಂದೊಂದಕ್ಕೂ ಹೊಸ ಲೆಕ್ಕ. ಉತ್ತರ ಬರುವಷ್ಟರಲ್ಲಿ ಗ್ರಿಡ್‌ನ ಸ್ಥಿತಿಯೇ ಬದಲಾಗಿದ್ದರೆ ಏನು ಬಂತು?

ಸುಮ್ನೆ ದೊಡ್ಡ ಕಂಪ್ಯೂಟರ್ ತಂದರೆ ಆಗುವ ಕೆಲಸವಲ್ಲ ಇದು. ಕೈಗಾದಿಂದ ನೇರ ಲೈನು ಇರುವುದು ಕೆಲವೇ ಸ್ಟೇಷನ್‌ಗಳಿಗೆ, ಅಲ್ವಾ? ಯಾವ ಸ್ಟೇಷನ್‌ಗೆ ಯಾವುದರ ಜೊತೆ ಲೈನಿದೆ ಅಂತ ಬರೆದಿಡುವ ಲೆಕ್ಕದ ಕೋಷ್ಟಕದಲ್ಲಿ ಹಾಗಾಗಿ ಉಳಿದ ಮನೆಗಳೆಲ್ಲ ಸೊನ್ನೆ. ಆ ಸೊನ್ನೆಗಳನ್ನು ಮುಟ್ಟದೆ, ನಡುವೆ ಹೊಸ ಅಂಕಿಗಳು ಆದಷ್ಟು ಕಡಿಮೆ ಹುಟ್ಟುವಂತೆ ಸಾಲುಗಳನ್ನು ಜೋಡಿಸುವ ದಾರಿಯನ್ನು 1967ರಲ್ಲಿ ಅಮೆರಿಕದ ಟಿನ್ನಿ ಮತ್ತು ವಾಕರ್ ತೋರಿಸಿದರು. ಇಷ್ಟು ಚೆಂದದ ಯೋಚನೆ ಈ ಕ್ಷೇತ್ರದಲ್ಲಿ ಅಪರೂಪ ಅಂತ ನನ್ನ ಭಾವನೆ.

ಎಲ್ಲವನ್ನೂ ಪೂರ್ತಿ ಲೆಕ್ಕ ಹಾಕಬೇಕಾಗಿಯೂ ಇಲ್ಲ. 1986ರಲ್ಲಿ ಕೆಸೆಲ್ ಮತ್ತು ಗ್ಲಾವಿಚ್ ಎಲ್-ಸೂಚ್ಯಂಕ ಕೊಟ್ಟರು. ಅದು ಸೊನ್ನೆಯ ಬಳಿ ಇದ್ದರೆ ಕ್ಷೇಮ, ಒಂದರ ಹತ್ತಿರ ಬಂದರೆ ಅಪಾಯ. ಅದರಿಂದ ಅಪಾಯದ ಸಂದರ್ಭಗಳನ್ನು ಮೊದಲು ಆರಿಸಿ, ಹಲವು ಪ್ರೊಸೆಸರ್‌ಗಳಿಗೆ ಹಂಚಬಹುದು. ಆದರೆ ಈ ಜರಡಿ ತೀರಾ ಸಡಿಲವಾಗಬಾರದು. ಜಾರಿಹೋದ ಒಂದೇ ಸಂದರ್ಭ ಸಾಕು.

ಹೀಗೆ ಲೆಕ್ಕ ಬೇಗ ಮುಗಿದರೆ, ಕುಸಿತಕ್ಕೆ ಮೊದಲು ಉಳಿದ ನಿಮಿಷಗಳಲ್ಲಿ ಆಪರೇಟರ್ ಕೆಪ್ಯಾಸಿಟರ್ ಆನ್ ಮಾಡಬಹುದು. ಅದೂ ಸಾಲದಿದ್ದರೆ ಒಂದೆರಡು ಫೀಡರ್ ಮಾತ್ರ ಕಡಿದು, ಉಳಿದ ಜಿಲ್ಲೆಗೆ ಕರೆಂಟು ಉಳಿಸಬಹುದು.