ನಿಲ್ಲಲಿರುವ ಕಾಮಿಕ್ಸ್ ಸರಣಿಯನ್ನು ಓದುಗರು ಉಳಿಸಿಕೊಳ್ಳುವ ಬಗೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಕಾಮಿಕ್ಸ್ ಸರಣಿಗಳು ನಿಲ್ಲುವುದು ಹೊಸ ಸುದ್ದಿಯೇನಲ್ಲ. ಶುರುವಾದ ವರ್ಷದೊಳಗೇ ಮುಗಿದುಹೋಗುವವು ಬೇಕಾದಷ್ಟಿವೆ. ಅಂಥವುಗಳಲ್ಲಿ ಬೆರಳೆಣಿಕೆಯವನ್ನು ಓದುಗರು ಪಟ್ಟು ಹಿಡಿದು ಉಳಿಸಿಕೊಂಡಿದ್ದಾರೆ. ಹಿಡಿದ ಪಟ್ಟು ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೊಡಲಿಲ್ಲ, ಏಕೆ ಎಂಬುದನ್ನು ಇವತ್ತು ನೋಡೋಣ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಕಾಶಕರ ಗಿರಾಕಿ ಓದುಗನಲ್ಲ, ಅಂಗಡಿಯವನು. ಇದನ್ನು ತಿಳಿಯದೆ ನಡೆಸಿದ ಅಭಿಯಾನಗಳೆಲ್ಲ ಬಹುಮಟ್ಟಿಗೆ ನೀರಿನಲ್ಲಿ ಮಾಡಿದ ಹೋಮವೇ ಆಗಿವೆ.

ಹೀಗಾಗಲು ಕಾರಣ ಹಳೆಯದು. 1970ರ ದಶಕದವರೆಗೆ ಕಾಮಿಕ್ಸ್ ಮಾರಾಟವಾಗುತ್ತಿದ್ದದ್ದು ಪತ್ರಿಕೆ ಮಾರುವ ಗೂಡಂಗಡಿಗಳಲ್ಲಿ, ಔಷಧದ ಅಂಗಡಿಗಳಲ್ಲಿ. ಉಳಿದ ಪ್ರತಿಗಳನ್ನು ಹಿಂದಿರುಗಿಸಬಹುದಿತ್ತು. ಆಮೇಲಾಮೇಲೆ ಪ್ರತಿ ಕಳಿಸುವುದೂ ತಪ್ಪಿ, 'ಇಷ್ಟು ಪ್ರತಿ ನಾಶ ಮಾಡಿದ್ದೇವೆ' ಎಂದು ವಿತರಕರು ಬರೆದುಕೊಟ್ಟರೆ ಸಾಕು ಎಂದಾಯಿತು. ನಾಶವಾಯಿತೆಂದು ಬರೆದ ಪ್ರತಿಗಳು ಹಿಂಬಾಗಿಲಿನಿಂದ ಸಂಗ್ರಾಹಕರ ಕೈ ಸೇರುತ್ತಿದ್ದವು ಎಂಬ ದೂರು ಇವತ್ತಿಗೂ ಇದೆ. 1973ರ ಸುಮಾರಿಗೆ ಫಿಲ್ ಸ್ಯೂಲಿಂಗ್ ಎಂಬ ವ್ಯಾಪಾರಿ ಪ್ರಕಾಶಕರ ಮುಂದೆ ಬೇರೆಯೇ ಒಂದು ಕರಾರು ಇಟ್ಟ: ಹೆಚ್ಚು ರಿಯಾಯಿತಿ ಕೊಡಿ, ಪ್ರತಿಯಾಗಿ ಒಂದನ್ನೂ ವಾಪಸು ಕಳಿಸುವುದಿಲ್ಲ. ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳ ಜಾಲ ಬೆಳೆದದ್ದು ಈ ಕರಾರಿನ ಮೇಲೆ. ಡೈರೆಕ್ಟ್ ಮಾರ್ಕೆಟ್ ಎನ್ನುವುದು ಇದನ್ನೇ.

ಹೀಗೆ ನಷ್ಟದ ಹೊರೆ ಪೂರ್ತಿ ಅಂಗಡಿಯವನ ತಲೆಗೆ ಬಂತು. ಅವನು ಹತ್ತು ಪ್ರತಿ ತರಿಸಿ ನಾಲ್ಕು ಮಾರಿದರೆ ಉಳಿದ ಆರರ ದುಡ್ಡು ಅವನದೇ ಹೋಯಿತು. ಪ್ರಕಾಶಕರಿಗೆ ಮಾತ್ರ ಹತ್ತರ ದುಡ್ಡೂ ಬಂದಿರುತ್ತದೆ. ಅವರು ಎಣಿಸುವುದು ಅಂಗಡಿ ತರಿಸಿಕೊಂಡದ್ದನ್ನು, ಓದುಗ ಕೊಂಡದ್ದನ್ನಲ್ಲ. ರ‍್ಯಾಕಿನಲ್ಲಿ ಆಗಲೇ ಬಿದ್ದಿರುವ ಹಳೆಯ ಸಂಚಿಕೆಯನ್ನು ಅಭಿಮಾನದಿಂದ ಹೋಗಿ ಕೊಂಡವನು ಅಂಗಡಿಯವನಿಗೆ ಉಪಕಾರ ಮಾಡಿದ, ಸರಿ. ಸರಣಿಯ ಮಟ್ಟಿಗೆ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನ ಕೊಳ್ಳುವಿಕೆ ನೋಡಿ ಅಂಗಡಿಯವನು ಮುಂದಿನ ಆರ್ಡರ್ ಏರಿಸಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಈಗ ಕ್ಯಾಲೆಂಡರ್ ನೋಡೋಣ. ಅಭಿಯಾನಗಳು ಹೆಚ್ಚಾಗಿ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಸರಣಿಯ ಮೊದಲ ಸಂಚಿಕೆ ಜೂನ್‌ನಲ್ಲಿ ಮಾರಾಟಕ್ಕೆ ಬರುತ್ತದೆ ಎಂದುಕೊಳ್ಳಿ. ಅದರ ವಿವರ ವಿತರಕರ ಕ್ಯಾಟಲಾಗಿನಲ್ಲಿ ಸುಮಾರು ಎರಡು ತಿಂಗಳು ಮೊದಲೇ ಅಚ್ಚಾಗಿರುತ್ತದೆ. ಅಂಗಡಿಯವನು ಏಪ್ರಿಲ್‌ನಲ್ಲಿ ಮೊದಲ ಆರ್ಡರ್ ಹಾಕುತ್ತಾನೆ. ಸಂಚಿಕೆ ಬರುವುದಕ್ಕೆ ಸುಮಾರು ಮೂರು ವಾರ ಮೊದಲು ಇನ್ನೊಂದು ಗಡುವು ಇರುತ್ತದೆ. ಅದು ಫೈನಲ್ ಆರ್ಡರ್ ಕಟಾಫ್. ಅಲ್ಲಿಯವರೆಗೆ ಸಂಖ್ಯೆಯನ್ನು ಏರಿಸಬಹುದು, ಇಳಿಸಬಹುದು. ಆಮೇಲೆ ಅಚ್ಚಿನ ಪ್ರಮಾಣ ಗೊತ್ತಾಗಿಬಿಡುತ್ತದೆ. ಬಂದ ಆರ್ಡರಿಗಿಂತ ತುಸುವೇ ಹೆಚ್ಚು ಅಚ್ಚು ಹಾಕುವುದು ವಾಡಿಕೆ.

ಇದರ ಪರಿಣಾಮ ನೋಡಿ. ಎರಡನೆಯ ಸಂಚಿಕೆ ಜುಲೈ ಮೊದಲ ವಾರ ಬರುವುದಾದರೆ ಅದರ ಕಟಾಫ್ ಜೂನ್ ಮಧ್ಯಕ್ಕೆ. ಆ ಹೊತ್ತಿಗೆ ಮೊದಲ ಸಂಚಿಕೆ ಅಂಗಡಿಗೆ ಬಂದು ಒಂದೋ ಎರಡೋ ವಾರ ಆಗಿರುತ್ತದೆ. ಮೂರನೆಯದರ ಮೊದಲ ಆರ್ಡರ್ ಕೂಡ ಅದೇ ಜೂನ್‌ನಲ್ಲಿ ಹೋಗಬೇಕು. ಓದುಗರಿಗೆ ಹಿಡಿಸಿತೋ ಇಲ್ಲವೋ ಎಂದು ಅಂಗಡಿಯವನಿಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ಯಾರೇ ಆದರೂ ಕೈ ಹಿಡಿದು ಖರ್ಚು ಮಾಡುತ್ತಾರೆ. ಮೊದಲ ಸಂಚಿಕೆಯ ಆರ್ಡರ್ ಬಗೆಬಗೆಯ ಮುಖಪುಟಗಳಿಂದ ಉಬ್ಬಿರುತ್ತದೆ, ಇಪ್ಪತ್ತೈದು ಪ್ರತಿ ತರಿಸಿದವರಿಗೆ ಒಂದು ಅಪರೂಪದ ಮುಖಪುಟ ಎನ್ನುವಂಥ ಆಮಿಷಗಳಿಂದ. ಎರಡನೆಯದರಲ್ಲಿ ಆ ಗಾಳಿ ಇಳಿಯುತ್ತದೆ. ಮೂರು, ನಾಲ್ಕರ ಹೊತ್ತಿಗೆ ಆರ್ಡರ್ ಯಾವ ಕಡೆ ಹೊರಟಿದೆ ಎಂಬುದು ಪ್ರಕಾಶಕರಿಗೆ ಸ್ಪಷ್ಟ. ಹೆಚ್ಚಿನ ಸರಣಿಗಳ ಹಣೆಬರಹ ಗೊತ್ತಾಗುವುದು ಆಗಲೇ.

ಇನ್ನು 'ಕೊನೆಯ ಸಂಚಿಕೆ' ಎಂಬ ಒಕ್ಕಣೆ. ಸೆಪ್ಟೆಂಬರ್ ಸಂಚಿಕೆಯ ವಿವರಣೆಯಲ್ಲಿ ಅದು ಕಾಣಿಸಿಕೊಂಡರೆ, ಆ ವಿವರಣೆ ಹೊರಬಿದ್ದದ್ದು ಜೂನ್‌ನಲ್ಲಿ, ಅದನ್ನು ಬರೆದದ್ದು ಮೇನಲ್ಲಿ, ತೀರ್ಮಾನ ಆದದ್ದು ಅದಕ್ಕೂ ಮೊದಲು. ಚಿತ್ರಕಾರನಿಗೆ ಅಷ್ಟರಲ್ಲಿ ಬೇರೆ ಕೆಲಸ ಒಪ್ಪಿಸಿಯೂ ಆಗಿರಬಹುದು. ಅಂದರೆ ಸುದ್ದಿ ಕೇಳಿದ ಮೇಲೆ ಶುರುವಾಗುವ ಅಭಿಯಾನ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಓದುಗರು ಕಣ್ಣಿಡಬೇಕಾದದ್ದು ಎರಡನೆಯ ಸಂಚಿಕೆಯ ಕಟಾಫ್ ದಿನದ ಮೇಲೆ.

ಎಷ್ಟು ಪ್ರತಿ ಹೋದರೆ ಸರಣಿ ಬದುಕುತ್ತದೆ? ಪ್ರಕಾಶಕರು ಬಾಯಿ ಬಿಡುವುದಿಲ್ಲ. ಮಾರ್ವೆಲ್, ಡಿಸಿ ಎಂಬ ಎರಡು ದೊಡ್ಡ ಪ್ರಕಾಶಕರ ಸರಣಿಗಳ ವಿಚಾರದಲ್ಲಿ 20,000ದ ಆಸುಪಾಸನ್ನು ಅಪಾಯದ ಗೆರೆ ಎಂದು ಓದುಗರು ಬಹಳ ಕಾಲ ಹೇಳಿಕೊಂಡು ಬಂದರು. ಅದು ಅಧಿಕೃತ ಸಂಖ್ಯೆಯಲ್ಲ. ಲೆಕ್ಕ ಹೇಗೆ ಕೂಡುತ್ತದೆ ಎಂಬುದನ್ನು ಮಾತ್ರ ಒಂದು ಕಲ್ಪಿತ ಉದಾಹರಣೆಯಿಂದ ತೋರಿಸಬಹುದು. ಮುಖಬೆಲೆ 3.99 ಡಾಲರ್. ಅಂಗಡಿಯವನ ಪಾಲು, ವಿತರಕರ ಪಾಲು ಕಳೆದು ಪ್ರಕಾಶಕರ ಕೈಗೆ ಸುಮಾರು ಶೇಕಡಾ 40, ಅಂದರೆ 1.60 ಡಾಲರ್ ಬರುತ್ತದೆ. ಒಂದು ಪ್ರತಿಯ ಅಚ್ಚಿಗೆ 60 ಸೆಂಟ್ ಎಂದಿಟ್ಟುಕೊಳ್ಳಿ. ಉಳಿದದ್ದು ಪ್ರತಿಗೆ 1 ಡಾಲರ್. ಕತೆ, ಪೆನ್ಸಿಲ್, ಶಾಯಿ, ಬಣ್ಣ, ಅಕ್ಷರ ಎಲ್ಲ ಸೇರಿ ಪುಟಕ್ಕೆ 600 ಡಾಲರ್ ಎಂದು ಹಿಡಿದರೆ 20 ಪುಟಕ್ಕೆ 12,000. ಹನ್ನೆರಡು ಸಾವಿರ ಪ್ರತಿ ಹೋದಾಗ ಹಾಕಿದ ದುಡ್ಡು ಬಂತು, ಅಷ್ಟೇ. ಸಂಪಾದಕರ ಸಂಬಳ, ಕಚೇರಿ ಬಾಡಿಗೆ ಎಲ್ಲ ಇನ್ನೂ ಹೊರಗೇ ಇವೆ. ಪುಟದ ಖರ್ಚು ಸಾವಿರ ಪ್ರತಿಗೂ ಅಷ್ಟೇ, ಲಕ್ಷ ಪ್ರತಿಗೂ ಅಷ್ಟೇ. ಅದಕ್ಕೇ ಗಡಿಯ ಹತ್ತಿರ ಇರುವ ಸರಣಿಗೆ ಒಂದೆರಡು ಸಾವಿರ ಪ್ರತಿಗಳ ಏರಿಕೆಯೂ ದೊಡ್ಡದು. ಗಡಿಯಿಂದ ಹತ್ತು ಸಾವಿರ ಕೆಳಗೆ ಬಿದ್ದದ್ದಕ್ಕೆ ಎಷ್ಟು ಪತ್ರ ಬರೆದರೂ ಪ್ರಯೋಜನವಿಲ್ಲ.

ಆ ಒಂದೆರಡು ಸಾವಿರ ಎಲ್ಲಿಂದ ಬರಬೇಕು? ಅಭಿಮಾನಿಗಳು ಸಾಮಾನ್ಯವಾಗಿ ಮಾಡುವುದು ತಲಾ ಐದು ಪ್ರತಿ ಕೊಂಡು ಸ್ನೇಹಿತರಿಗೆ ಹಂಚುವುದು. ಇನ್ನೂರು ಜನ ಹೀಗೆ ಮಾಡಿದರೆ ಸಾವಿರ ಪ್ರತಿಯಾಯಿತು, ಆದರೆ ಬರೀ ಇನ್ನೂರು ಅಂಗಡಿಗಳಲ್ಲಿ, ಅದೂ ಒಂದು ತಿಂಗಳ ಮಟ್ಟಿಗೆ. ಮುಂದಿನ ತಿಂಗಳು ಅವರು ಒಂದೇ ಪ್ರತಿ ಕೊಳ್ಳುತ್ತಾರೆ, ಅಂಗಡಿಯವನ ಹತ್ತಿರ ನಾಲ್ಕು ಉಳಿಯುತ್ತವೆ, ಅವನು ಸಿಟ್ಟಿನಿಂದ ಆರ್ಡರನ್ನು ಮೊದಲಿಗಿಂತಲೂ ಕೆಳಗಿಳಿಸುತ್ತಾನೆ. ಉತ್ತರ ಅಮೆರಿಕದಲ್ಲಿ ಕಾಮಿಕ್ಸ್ ಅಂಗಡಿಗಳು ಕೆಲವು ಸಾವಿರ ಇವೆ. ಪಟ್ಟಿಯ ಕೆಳತುದಿಯ ಸರಣಿಗಳಿಗೆ ಅವುಗಳಲ್ಲಿ ಎಷ್ಟೋ ಅಂಗಡಿಗಳು ಹಾಕುವ ಆರ್ಡರ್ ಸೊನ್ನೆ. ಸೊನ್ನೆಯನ್ನು ಒಂದು ಮಾಡಿಸುವುದೇ ನಿಜವಾದ ಕೆಲಸ. ಒಂದು ಪ್ರತಿಯಾದರೂ ರ‍್ಯಾಕಿನಲ್ಲಿ ಇಲ್ಲದ ಊರಲ್ಲಿ ಹೊಸ ಓದುಗ ಹುಟ್ಟುವುದಾದರೂ ಎಲ್ಲಿಂದ?

ಅದನ್ನು ಮಾಡಿಸುವ ಕ್ರಮ ಸರಳ, ಬೇಸರದ್ದು. ಅಂಗಡಿಗೆ ಹೋಗಿ ಸರಣಿಯನ್ನು ಪುಲ್ ಲಿಸ್ಟಿಗೆ ಸೇರಿಸಲು ಹೇಳಬೇಕು. ಪ್ರತಿ ತಿಂಗಳೂ ಗಿರಾಕಿಯ ಹೆಸರಿನಲ್ಲಿ ತೆಗೆದಿಡುವ ಪಟ್ಟಿ ಅದು. ಅಂಗಡಿಯವನ ಕಣ್ಣಿಗೆ ಪುಲ್ ಲಿಸ್ಟ್ ಎಂದರೆ ಆಗಲೇ ಮಾರಾಟವಾದ ಪ್ರತಿ, ನಷ್ಟದ ಭಯವಿಲ್ಲ. ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಚೀಟಿಯಲ್ಲಿ ಸರಣಿಯ ಹೆಸರು, ಪ್ರಕಾಶಕರು, ಸಂಚಿಕೆ ಸಂಖ್ಯೆ, ಕಟಾಫ್ ದಿನ, ಆರ್ಡರ್ ಕೋಡ್ ಬರೆದುಕೊಡಬೇಕು. ಡೈಮಂಡ್ ವಿತರಕರ ಕಾಲದಲ್ಲಿ ಆ ಕೋಡ್ ಒಂದೇ ಬಗೆಯದಾಗಿತ್ತು: ತಿಂಗಳ ಮೂರು ಅಕ್ಷರ, ಇಸವಿಯ ಎರಡು ಅಂಕಿ, ಆಮೇಲೆ ನಾಲ್ಕಂಕಿಯ ಸಂಖ್ಯೆ. ಕ್ಯಾಟಲಾಗಿನಲ್ಲಿ ನೂರಾರು ಪುಟ. ಒಬ್ಬನೇ ನಡೆಸುವ ಅಂಗಡಿಯಲ್ಲಿ ಅದನ್ನು ಹುಡುಕುವ ವ್ಯವಧಾನ ಯಾರಿಗಿರುತ್ತದೆ? ಚೀಟಿ ಕೊಟ್ಟ ಮೇಲೆ ಪುಸ್ತಕ ಬಂದಾಗ ತಪ್ಪದೆ ಹೋಗಿ ಕೊಳ್ಳಬೇಕು. ತರಿಸಲು ಹೇಳಿ ನಾಪತ್ತೆಯಾಗುವ ಗಿರಾಕಿಯಷ್ಟು ಸರಣಿಗೆ ಹಾನಿ ಮಾಡುವವನು ಇನ್ನೊಬ್ಬನಿಲ್ಲ.

ಈಗ ಇಲ್ಲಿಯೂ ತೊಡಕು ಹೆಚ್ಚಿದೆ. 1990ರ ದಶಕದ ಕೊನೆಯಿಂದ ಡೈಮಂಡ್ ಹೆಚ್ಚುಕಡಿಮೆ ಏಕಸ್ವಾಮ್ಯ ನಡೆಸಿತು. 2020ರಲ್ಲಿ ಡಿಸಿ ಅದರಿಂದ ಹೊರಬಿತ್ತು, 2021ರ ಅಕ್ಟೋಬರ್‌ನಿಂದ ಮಾರ್ವೆಲ್ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕಡೆಗೆ ಹೋಯಿತು, 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿ ಹಾಕಿತು. ಒಬ್ಬ ಅಂಗಡಿಯವನು ಈಗ ಹಲವು ಕಡೆ, ಹಲವು ಗಡುವಿಗೆ ಆರ್ಡರ್ ಹಾಕಬೇಕು. ಮೊದಲು ಡೈಮಂಡ್ ಪ್ರಕಟಿಸುತ್ತಿದ್ದ ಪಟ್ಟಿಯಿಂದ ಪ್ರತಿ ಸರಣಿಯ ಆರ್ಡರನ್ನು ಅಂದಾಜು ಮಾಡಬಹುದಿತ್ತು. 'ಬ್ಯಾಟ್‌ಮ್ಯಾನ್' ಸಂಚಿಕೆಯನ್ನು ನೂರು ಎಂದು ಹಿಡಿದು ಉಳಿದವನ್ನು ಅದಕ್ಕೆ ಹೋಲಿಸಿ ಅಂಕಿ ಕೊಡುತ್ತಿದ್ದರು. ಆ ಕಿಟಕಿ ಈಗ ಮುಚ್ಚಿದೆ. ತಮ್ಮ ಸರಣಿ ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂದು ಓದುಗರು ಅಳೆಯುವುದು ಹಿಂದಿಗಿಂತ ಕಷ್ಟ.

ಗೆದ್ದವರ ವಿಚಾರಕ್ಕೆ ಬರೋಣ. ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಮಾರ್ವೆಲ್‌ನ 'ಸ್ಪೈಡರ್-ಗರ್ಲ್'. ಪೀಟರ್ ಪಾರ್ಕರ್‌ನ, ಅಂದರೆ ಸ್ಪೈಡರ್-ಮ್ಯಾನ್‌ನ, ಮಗಳು ಮೇಡೇ ಇದರ ನಾಯಕಿ. 1998ರಲ್ಲಿ ಜತೆಗೇ ಹುಟ್ಟಿದ ಎರಡು ಸರಣಿಗಳು ಹನ್ನೆರಡು ಸಂಚಿಕೆಗೆ ಮುಗಿದವು. ಟಾಮ್ ಡಿಫಾಲ್ಕೊ ಬರೆಯುತ್ತಿದ್ದ ಇದು ಮಾತ್ರ ನಿಲ್ಲುತ್ತದೆ ಎನ್ನಿಸಿಕೊಳ್ಳುತ್ತಲೇ, ಓದುಗರ ಒತ್ತಾಯದಿಂದ ಮತ್ತೆ ಮತ್ತೆ ಜೀವ ಪಡೆಯುತ್ತ 2006ರಲ್ಲಿ ನೂರನೆಯ ಸಂಚಿಕೆ ಮುಟ್ಟಿತು. ಆಮೇಲೆ ಹೆಸರು ಬದಲಿಸಿಕೊಂಡು ಇನ್ನೂ 30 ಸಂಚಿಕೆ ನಡೆಯಿತು. ಓದುಗರ ಪತ್ರಗಳಷ್ಟೇ ಇದನ್ನು ಉಳಿಸಿದವು ಎಂಬುದು ಅರ್ಧ ಸತ್ಯ. ಹಳೆಯ ಸಂಚಿಕೆಗಳನ್ನು ಸೇರಿಸಿ ಸಣ್ಣ ಆಕಾರದ, ಅಗ್ಗದ ಸಂಕಲನಗಳನ್ನು ತಂದಾಗ ಅವು ಮಾಮೂಲಿ ಪುಸ್ತಕದಂಗಡಿಗಳಲ್ಲಿ ಖರ್ಚಾದವು. ಬಿಡಿ ಸಂಚಿಕೆಯ ಕೊರತೆಯನ್ನು ಆ ದುಡ್ಡು ತುಂಬಿತು. 2003ರ 'ರನ್‌ಅವೇಸ್' ಕತೆಯೂ ಇದೇ ಜಾಡಿನದು. 18 ಸಂಚಿಕೆಗೆ ನಿಂತಿತು, ಸಂಕಲನಗಳು ಮಾರಿದವು, 2005ರಲ್ಲಿ ಮರಳಿ ಒಂದನೆಯ ಸಂಚಿಕೆಯಿಂದ ಶುರುವಾಯಿತು.

ಡಿಸಿಯ 'ಮ್ಯಾನ್‌ಹಂಟರ್' 25ಕ್ಕೆ ಮುಗಿಯಬೇಕಿತ್ತು. ಓದುಗರ ಒತ್ತಾಯಕ್ಕೆ ಮಣಿದು ಐದು ಸಂಚಿಕೆ ಹೆಚ್ಚು ಕೊಟ್ಟರು, ನಡುವೆ ಬಿಡುವು ಬಿದ್ದು 38ರವರೆಗೆ ಹೋಯಿತು. ಇದನ್ನು ಗೆಲುವು ಎನ್ನಬೇಕೋ ಮುಂದೂಡಿಕೆ ಎನ್ನಬೇಕೋ? ನನ್ನ ಲೆಕ್ಕದಲ್ಲಿ ಗೆಲುವೇ. ಹದಿಮೂರು ಸಂಚಿಕೆ ಅಂದರೆ ಬರಹಗಾರನಿಗೆ ಒಂದು ವರ್ಷದ ಮೇಲಿನ ಕೆಲಸ.

2015ರ 'ಒಮೆಗಾ ಮೆನ್' ಬೇರೆ ಬಗೆಯದು. ಟಾಮ್ ಕಿಂಗ್ ಬರೆದ ಈ ಸರಣಿ ಜೂನ್‌ನಲ್ಲಿ ಶುರುವಾಗಿ, ಸೆಪ್ಟೆಂಬರ್‌ನಲ್ಲಿ 'ಏಳಕ್ಕೆ ಮುಕ್ತಾಯ' ಎಂಬ ಸುದ್ದಿ ಬಂತು. ಓದುಗರ ಕೂಗೆದ್ದಿತು, ಡಿಸಿ ತೀರ್ಮಾನ ಬದಲಿಸಿ ಹನ್ನೆರಡೂ ಸಂಚಿಕೆ ತಂದಿತು. ಕೋಟೆ ಕೊಳ್ಳೆ ಹೋದ ಮೇಲೂ ಇಲ್ಲಿ ಬಾಗಿಲು ತೆರೆದದ್ದು ಹೇಗೆ? ಕತೆ ಮೊದಲೇ ಹನ್ನೆರಡಕ್ಕೆ ಹೆಣೆದದ್ದು. ಏಳಕ್ಕೆ ತುಂಡು ಮಾಡಿದರೆ ಆರ್ಡರಿನ ಜತೆ ಸಂಕಲನವೂ ಕೆಡುತ್ತದೆ, ಪೂರ್ತಿ ಮಾಡಿದರೆ ವರ್ಷಗಟ್ಟಲೆ ಮಾರಬಹುದಾದ ಒಂದು ಪುಸ್ತಕ ಕೈಗೆ ಸಿಗುತ್ತದೆ. ಓದುಗರು ಕೇಳಿದ್ದರಲ್ಲಿ ಪ್ರಕಾಶಕರ ಲಾಭವೂ ಅಡಗಿತ್ತು. 'ನಿಲ್ಲಿಸಲೇ ಬೇಡಿ' ಎನ್ನುವುದಕ್ಕಿಂತ 'ಇಷ್ಟು ಸಂಚಿಕೆ ಕೊಡಿ, ಕತೆ ಮುಗಿಸಿ' ಎನ್ನುವ ಬೇಡಿಕೆಗೆ ಹೂಂ ಎನ್ನುವುದು ಯಾರಿಗಾದರೂ ಸುಲಭ.

ಪತ್ರಗಳ ಬಗ್ಗೆ ಎರಡು ಮಾತು. ಆನ್‌ಲೈನ್ ಅರ್ಜಿಗೆ ಬಿದ್ದ ಸಾವಿರಾರು ಸಹಿಗಳನ್ನು ಸಂಪಾದಕರು ಮಾರಾಟ ವಿಭಾಗದ ಮುಂದೆ ಇಡಲಾರರು, ಸಹಿ ಹಾಕಿದವರು ಕೊಳ್ಳುತ್ತಾರೆಂಬ ಖಾತರಿ ಅಲ್ಲಿಲ್ಲ. ಒಂದು ಪುಟದ ಕಾಗದ, ತಾನು ಯಾವ ಅಂಗಡಿಯಲ್ಲಿ ಎಷ್ಟನೆಯ ಸಂಚಿಕೆಯಿಂದ ಕೊಳ್ಳುತ್ತಿದ್ದೇನೆ, ಅಂಗಡಿಯವನ ಆರ್ಡರ್ ಹಿಂದೆ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಬರೆದದ್ದು, ಅವರ ಕೈಗೆ ಆಯುಧ. ಸಂಪಾದಕರನ್ನು ಬೈದು ಬರೆಯುವುದು ಶುದ್ಧ ದಡ್ಡತನ, ಏಕೆಂದರೆ ಒಳಗೆ ಆ ಸರಣಿಯ ಪರವಾಗಿ ವಾದಿಸುವವರು ಹೆಚ್ಚಾಗಿ ಅವರೊಬ್ಬರೇ.

ಸಂಕಲನ ಬರಲಿ ಎಂದು ಕಾಯುವವರ ಸಮಸ್ಯೆ ಇದಕ್ಕಿಂತ ಜಟಿಲ. ಐದಾರು ಸಂಚಿಕೆ ಸೇರಿದ ಪುಸ್ತಕ ಹೊರಬರುವುದು ಕೊನೆಯ ಸಂಚಿಕೆ ಬಂದು ಕೆಲವು ತಿಂಗಳಾದ ಮೇಲೆ. ಅಷ್ಟರಲ್ಲಿ ಸರಣಿ ನಿಂತಿರಬಹುದು. ಹಾಗಂತ ಅವರನ್ನು ದೂರಿ ಫಲವಿಲ್ಲ. ಮಕ್ಕಳು, ಹದಿಹರೆಯದವರು ಓದುವ ಸರಣಿಗಳ ನಿಜವಾದ ಮಾರುಕಟ್ಟೆಯೇ ಪುಸ್ತಕದಂಗಡಿ ಮತ್ತು ಶಾಲಾ ಪುಸ್ತಕಮೇಳ. ಬಿಡಿ ಸಂಚಿಕೆಯ ಪಟ್ಟಿಯಲ್ಲಿ ತೀರ ಕೆಳಗಿದ್ದ 'ಮೂನ್ ಗರ್ಲ್ ಅಂಡ್ ಡೆವಿಲ್ ಡೈನೊಸಾರ್' 2015ರಿಂದ 2019ರವರೆಗೆ 47 ಸಂಚಿಕೆ ನಡೆದದ್ದು ಆ ದಾರಿಯಿಂದ. 'ಅನ್‌ಸ್ಟಾಪಬಲ್ ವಾಸ್ಪ್' 2017ರಲ್ಲಿ ಎಂಟಕ್ಕೆ ನಿಂತು ಮರುವರ್ಷ ಮರಳಿ ಬಂತು. ಇಂಥ ಸರಣಿಗೆ ಕಾಮಿಕ್ಸ್ ಅಂಗಡಿಯ ಬೆನ್ನು ಹತ್ತುವುದಕ್ಕಿಂತ ಸಾರ್ವಜನಿಕ ಗ್ರಂಥಾಲಯದಲ್ಲಿ ಖರೀದಿ ಕೋರಿಕೆಯ ಅರ್ಜಿ ತುಂಬುವುದು ಮೇಲು. ಸಂಕಲನದ ಐಎಸ್‌ಬಿಎನ್ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಿರಿ. ಅದಿಲ್ಲದ ಕೋರಿಕೆಗಳಲ್ಲಿ ಬೇರೆ ಭಾಗ, ಬೇರೆ ಆವೃತ್ತಿ ಬಂದುಬಿಡುವುದುಂಟು. ಪುಸ್ತಕದಂಗಡಿಯ ಪ್ರತಿಗಳಿಗೆ ಹಿಂದಿರುಗಿಸುವ ಅವಕಾಶವಿದೆ ಎಂಬುದೂ ನೆನಪಿರಲಿ. ಅಲ್ಲಿ ತರಿಸಿ ಕೊಳ್ಳದೆ ಬಿಟ್ಟರೆ ಆ ಪ್ರತಿ ನೇರ ಪ್ರಕಾಶಕರ ಗೋದಾಮಿಗೆ ವಾಪಸು ಹೋಗುತ್ತದೆ, ನಷ್ಟವೂ ಅವರ ಖಾತೆಗೇ.

ಏನೇ ಮಾಡಿದರೂ ನಿಂತೇ ಹೋಯಿತು ಎನ್ನಿ. ಪಾತ್ರದ ಹಕ್ಕು ಪ್ರಕಾಶಕರದಾದರೆ ಬರಹಗಾರ ಅದನ್ನು ಇನ್ನೊಂದು ಕಡೆಗೆ ಒಯ್ಯಲಾರ. ಹಕ್ಕು ಸೃಷ್ಟಿಕರ್ತರದೇ ಆಗಿದ್ದರೆ ಬೇರೆ ಪ್ರಕಾಶಕರು, ಜನರಿಂದ ಮುಂಗಡ ಹಣ ಎತ್ತುವ ದಾರಿಗಳು ತೆರೆದಿರುತ್ತವೆ. ಮೊದಲ ಬಗೆಯ ಸರಣಿಗಳಲ್ಲಿ ಓದುಗರ ಕೈಲಿ ಉಳಿಯುವ ಬೇಡಿಕೆ ಒಂದೇ. ಮೊದಲ ಸಂಕಲನ ಬಂದು ಎರಡನೆಯದು ಬಾರದೆ ಕೊನೆಯ ನಾಲ್ಕೈದು ಸಂಚಿಕೆಗಳು ಬಿಡಿಯಾಗಿಯೇ ಉಳಿದುಬಿಟ್ಟಿರುತ್ತವೆ, ಅವನ್ನು ಸೇರಿಸಿ ಪುಸ್ತಕ ಮಾಡಿ ಎಂದು ಕೇಳಬೇಕು. ಚಿತ್ರದ ಖರ್ಚು ಆಗಲೇ ಮುಗಿದಿರುವುದರಿಂದ ಅಚ್ಚಿನ ವೆಚ್ಚವೇ ಅಲ್ಲಿನ ದೊಡ್ಡ ವೆಚ್ಚ, ಅದಕ್ಕೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಕೇಳುವಾಗ ಮೊದಲ ಸಂಕಲನ ಇನ್ನೂ ಅಂಗಡಿಯಲ್ಲಿ ಸಿಗುವಂತಿರಬೇಕು. ಅದರ ಅಚ್ಚು ಮುಗಿದುಹೋದ ಮೇಲೆ ಎರಡನೆಯ ಭಾಗವನ್ನು ಯಾವ ಪ್ರಕಾಶಕರೂ ಮುಟ್ಟುವುದಿಲ್ಲ.